ಚಪ್ಪಟೆ ಚರ್ಮ ಮುಖವಾಗುವುದು ಹೇಗೆ? ಸ್ಟೀಮ್‌ಪಂಕ್ ಮುಖವಾಡ, ಕವಚಗಳ ಕೈಕೆಲಸದ ಒಳಗುಟ್ಟು

ಫೋಟೋದಲ್ಲಿ ನೋಡಿದರೆ ಅದು ಹಿತ್ತಾಳೆಯ ಮುಖವಾಡ. ಮೂಗಿನ ಜಾಗದಲ್ಲಿ ಉದ್ದನೆಯ ಕೊಕ್ಕು, ಕಣ್ಣಿಗೆ ದುಂಡನೆಯ ಗಾಜು, ಕೆನ್ನೆಯ ಮೇಲೊಂದು ಹಲ್ಲುಚಕ್ರ, ಅಂಚಿನುದ್ದಕ್ಕೂ ರಿವೆಟ್ಟುಗಳ, ಅಂದರೆ ತುದಿ ಬಡಿದು ಕೂರಿಸುವ ಲೋಹದ ಗುಂಡುಮೊಳೆಗಳ, ಸಾಲು. ಕೈಗೆ ತೆಗೆದುಕೊಂಡಾಗಲೇ ಆಶ್ಚರ್ಯ. ಒಂದು ದಪ್ಪ ನೋಟ್‌ಬುಕ್ಕಿನಷ್ಟೇ ಭಾರ. ಬೆರಳಿನಿಂದ ತಟ್ಟಿದರೆ ಲೋಹದ ಠಣ್ ಸದ್ದಿಲ್ಲ, ತೆಳು ಹಲಗೆ ತಟ್ಟಿದ ಹಾಗೆ ಟಕ್ ಟಕ್ ಅನ್ನುತ್ತದೆ. ಅದು ಲೋಹವಲ್ಲ, ಚರ್ಮ.

ಇಂಥ ಮುಖವಾಡ, ಭುಜಕವಚ, ಮುಂಗೈ ಪಟ್ಟಿಗಳ ಚಿತ್ರಗಳು ಈಗ ಫೋನ್ ತೆರೆದರೆ ಸಾಕು, ಕಾಣುತ್ತವೆ. ಕಥೆಯ ಪಾತ್ರಗಳ ವೇಷ ತೊಟ್ಟು ಸೇರುವ ಕಾಸ್‌ಪ್ಲೇ ಕೂಟಗಳು ಬೆಳೆದ ಹಾಗೆ, ‘ನಾನೂ ಒಂದು ಮಾಡಿ ನೋಡಲೇ?’ ಅನ್ನುವವರೂ ಜಾಸ್ತಿಯಾಗಿದ್ದಾರೆ. ಆದರೆ ಸಿಗುವ ವಿಡಿಯೋಗಳಲ್ಲಿ ‘ನೆನೆಸಿ, ಒತ್ತಿ, ಒಣಗಿಸಿ’ ಎಂದಷ್ಟೇ ಇರುತ್ತದೆ. ಯಾಕೆ ನೆನೆಸಬೇಕು, ಒಣಗಿದ ಮೇಲೆ ಅದು ಮತ್ತೆ ಚಪ್ಪಟೆ ಯಾಕೆ ಆಗುವುದಿಲ್ಲ ಎಂದು ಹೇಳುವವರು ಕಡಿಮೆ. ನಾನು ಹಲವು ತುಂಡು ಹಾಳು ಮಾಡಿದ ಮೇಲೆ ಒಂದು ವಿಷಯ ಅರ್ಥವಾಯಿತು. ಈ ಕೆಲಸದ ಹೆಚ್ಚುಕಡಿಮೆ ಎಲ್ಲ ‘ಯಾಕೆ’ಗಳಿಗೂ ಉತ್ತರ ಚರ್ಮದ ಒಳಗಿನ ಎಳೆಗಳಲ್ಲೇ ಇದೆ. ಅದಕ್ಕೇ ಅಲ್ಲಿಂದಲೇ ಬಿಡಿಸಿ ಹೇಳುತ್ತೇನೆ.

ಸ್ಟೀಮ್‌ಪಂಕ್ ಅಂದರೆ ಏನು?

ಸ್ಟೀಮ್ ಎಂದರೆ ಉಗಿ. ಈ ಶೈಲಿ ಹುಟ್ಟಿದ್ದು ಕಥೆಗಳಲ್ಲಿ. ಪೆಟ್ರೋಲ್ ಎಂಜಿನ್, ಕರೆಂಟು, ಕಂಪ್ಯೂಟರ್ ಯಾವುದೂ ಮೇಲುಗೈ ಪಡೆಯದೆ ಲೋಕ ಉಗಿಯಂತ್ರದ ದಾರಿಯಲ್ಲೇ ಮುಂದೆ ಹೋಗಿದ್ದರೆ ಹೇಗಿರುತ್ತಿತ್ತು? ಹಾರುವ ಹಡಗು, ನಡೆಯುವ ಯಂತ್ರ, ಲೆಕ್ಕ ಮಾಡುವ ಪೆಟ್ಟಿಗೆ ಎಲ್ಲವೂ ಇರುತ್ತಿತ್ತು. ಆದರೆ ಅವು ಬಾಯ್ಲರ್, ಹಿತ್ತಾಳೆ ಕೊಳವೆ, ಹಲ್ಲುಚಕ್ರಗಳ ಬಲದಲ್ಲಿ ಓಡುತ್ತಿದ್ದವು. ಈ ಊಹೆಗೆ ಸಿಕ್ಕ ಹೆಸರೇ ಸ್ಟೀಮ್‌ಪಂಕ್. ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೆಟರ್ 1987ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ ಈ ಪದ ಬಳಸಿದರು. ಮುಂದೆ ಅದು ಕಥೆಯನ್ನು ದಾಟಿ ಉಡುಪು, ಒಡವೆ, ಮುಖವಾಡಗಳಿಗೂ ಹಬ್ಬಿತು.

ಈ ಶೈಲಿಯ ಬೇರು ಇರುವುದು ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರವರೆಗಿನ ಕಾಲದಲ್ಲಿ. ಆಗ ಯಂತ್ರಗಳನ್ನು ಕಟ್ಟುತ್ತಿದ್ದದ್ದು ಕಬ್ಬಿಣ, ಹಿತ್ತಾಳೆ, ತಾಮ್ರ, ಮರ, ಗಾಜು ಮತ್ತು ಚರ್ಮದಿಂದ. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಬೇಕಲೈಟ್ ಬಂದದ್ದೇ 1907ರಲ್ಲಿ. ಹಾಗಾಗಿ ಸ್ಟೀಮ್‌ಪಂಕ್ ವಸ್ತುವಿನಲ್ಲಿ ಪ್ಲಾಸ್ಟಿಕ್ ಕಂಡರೆ ಕಣ್ಣಿಗೆ ಚುಚ್ಚುತ್ತದೆ.

ಚರ್ಮ ಇಲ್ಲಿ ಬರೀ ಅಲಂಕಾರ ಎಂದುಕೊಳ್ಳಬೇಡಿ. ಆ ಕಾಲದ ಕಾರ್ಖಾನೆಯಲ್ಲಿ ಒಂದೇ ದೊಡ್ಡ ಉಗಿಯಂತ್ರ ಇರುತ್ತಿತ್ತು. ಅದು ಸೂರಿನಡಿ ಉದ್ದಕ್ಕೂ ಹಾಯ್ದ ಒಂದು ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು. ಆ ದಂಡದಿಂದ ಕೆಳಗಿನ ಒಂದೊಂದು ಯಂತ್ರಕ್ಕೂ ಶಕ್ತಿ ಇಳಿಯುತ್ತಿದ್ದದ್ದು ಬಹುಪಾಲು ಚರ್ಮದ ಬೆಲ್ಟುಗಳ ಮೂಲಕ. ತಿದಿಗಳು, ಪಂಪಿನ ವಾಷರ್‌ಗಳು ಕೂಡ ಚರ್ಮದವೇ. ಉಗಿಯುಗ ನಿಜವಾಗಿಯೂ ಚರ್ಮವನ್ನು ನಂಬಿ ಓಡಿದ ಕಾಲ.

ಎಲ್ಲ ಚರ್ಮವೂ ಒಂದೇ ಅಲ್ಲ

ಚರ್ಮವನ್ನು ಹರಿದು ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಬಟ್ಟೆಯ ಹಾಗೆ ಅಡ್ಡ ಉದ್ದ ನೇಯ್ದ ದಾರ ಅಲ್ಲಿ ಇರುವುದಿಲ್ಲ. ಸಾವಿರಾರು ಸಣ್ಣ ಎಳೆಗಳು ಎಲ್ಲ ದಿಕ್ಕಿನಲ್ಲೂ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿರುತ್ತವೆ. ಈ ಎಳೆಗಳು ಕೊಲಾಜೆನ್ ಎಂಬ ಪ್ರೋಟೀನಿನವು. ಹಸಿ ತೊಗಲಿನಲ್ಲಿ ಇವು ಬೇಗ ಕೊಳೆಯುತ್ತವೆ. ಸುಮ್ನೆ ಒಣಗಿಸಿದರೆ ಒಂದಕ್ಕೊಂದು ಅಂಟಿಕೊಂಡು ಸೆಟೆದು ನಿಲ್ಲುತ್ತವೆ. ಕೊಳೆಯದ ಹಾಗೆ, ಬಾಗುವ ಹಾಗೆ ಈ ಎಳೆಗಳನ್ನು ಕಾಯುವ ಕೆಲಸಕ್ಕೇ ಚರ್ಮ ಹದ ಮಾಡುವುದು ಎನ್ನುತ್ತಾರೆ.

ಹದ ಮಾಡುವ ದಾರಿಗಳಲ್ಲಿ ಎರಡು ಮುಖ್ಯ. ಮೊದಲನೆಯದು ಗಿಡಮರಗಳ ಟ್ಯಾನಿನ್‌ನಿಂದ. ಓಕ್, ಚೆಸ್ಟ್‌ನಟ್, ಮಿಮೋಸಾ ಮರಗಳ ತೊಗಟೆ ಅಥವಾ ಕಟ್ಟಿಗೆಯಲ್ಲಿ, ಅಣಲೆಕಾಯಿಯಲ್ಲಿ ಟ್ಯಾನಿನ್ ಇರುತ್ತದೆ. ಬಲಿಯದ ಕಾಯಿ ಕಚ್ಚಿದಾಗ ಬಾಯಿ ಒಗರಾಗಿ ಒಣಗಿದಂತೆ ಆಗುತ್ತದೆ, ಅಲ್ವಾ? ಕಾಯಿಯ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದುಕೊಂಡದ್ದೇ ಅದಕ್ಕೆ ಕಾರಣ. ತೊಗಲಿನಲ್ಲೂ ನಡೆಯುವುದು ಅದೇ. ಟ್ಯಾನಿನ್ ಕೊಲಾಜೆನ್ ಎಳೆಗಳನ್ನು ಹಿಡಿದು ಕೊಳೆಯದಂತೆ ಮಾಡುತ್ತದೆ. ಇದನ್ನು ವೆಜ್ ಟ್ಯಾನ್ ಚರ್ಮ ಎನ್ನುತ್ತಾರೆ. ಎರಡನೆಯದು ಕ್ರೋಮಿಯಂ ಲವಣದಿಂದ ಹದ ಮಾಡುವುದು. ಇದು 19ನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂತು. ಬೇಗ ಮುಗಿಯುತ್ತದೆ, ಚರ್ಮ ಮೆತ್ತಗೆ ಬರುತ್ತದೆ. ಜಾಕೆಟ್, ಸೋಫಾ, ಚೀಲಗಳಲ್ಲಿ ಜಾಸ್ತಿ ಕಾಣುವುದು ಈ ಕ್ರೋಮ್ ಚರ್ಮವೇ.

ಮುಖವಾಡಕ್ಕೆ, ಕವಚಕ್ಕೆ ಬೇಕಾದದ್ದು ವೆಜ್ ಟ್ಯಾನ್. ಅದನ್ನು ನೆನೆಸಿದರೆ ಜೇಡಿಮಣ್ಣಿನ ಹಾಗೆ ಮಾತು ಕೇಳುತ್ತದೆ, ಒಣಗಿದ ಮೇಲೆ ಕೊಟ್ಟ ಆಕಾರದಲ್ಲೇ ನಿಲ್ಲುತ್ತದೆ. ಕ್ರೋಮ್ ಚರ್ಮವನ್ನು ಎಷ್ಟೇ ಒತ್ತಿದರೂ ಒಣಗಿದ ಮೇಲೆ ಮೆತ್ತಗೆ ಹಿಂದಕ್ಕೆ ಸರಿಯುತ್ತದೆ. ಅದನ್ನು ಒಳಪದರ, ಮೆದು ಪಟ್ಟಿ, ಕೈಗವಸುಗಳಿಗೆ ಇಟ್ಟುಕೊಳ್ಳಿ. ಎರಡನ್ನೂ ಗುರುತಿಸಲು ಒಂದು ಸುಲಭ ದಾರಿ ಇದೆ. ಬಣ್ಣ ಹಾಕದ ವೆಜ್ ಟ್ಯಾನ್ ತೆಳು ಕಂದು ಅಥವಾ ಕೆನೆಬಣ್ಣದ್ದು. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಆ ಜಾಗ ಬೇಗನೆ ಕಪ್ಪೇರುತ್ತದೆ. ಕ್ರೋಮ್ ಚರ್ಮದ ಕತ್ತರಿಸಿದ ಅಂಚು ಹಲವು ಸಲ ಬೂದು ಅಥವಾ ನೀಲಿ ಛಾಯೆ ತೋರಿಸುತ್ತದೆ.

ಇನ್ನು ದಪ್ಪ. ಚರ್ಮದ ದಪ್ಪವನ್ನು ‘ಔನ್ಸ್’ ಎಂದು ಹೇಳುವ ರೂಢಿ ಹೊಸಬರನ್ನು ಗಲಿಬಿಲಿ ಮಾಡುತ್ತದೆ. ಇಲ್ಲಿ 1 ಔನ್ಸ್ ಎಂದರೆ ಒಂದು ಅಂಗುಲದ 64ನೇ ಒಂದು ಭಾಗ, ಸುಮಾರು 0.4 ಮಿಲಿಮೀಟರ್ ದಪ್ಪ. ಮುಖದ ಏರುತಗ್ಗು ಮೂಡಿಸಲು 4ರಿಂದ 6 ಔನ್ಸ್, ಅಂದರೆ 1.6ರಿಂದ 2.4 ಮಿಲಿಮೀಟರ್ ಚರ್ಮ ಹಿತ. ಕವಚದ ತುಂಡುಗಳಿಗೆ 8ರಿಂದ 10 ಔನ್ಸ್, ಅಂದರೆ 3.2ರಿಂದ 4 ಮಿಲಿಮೀಟರ್ ಬೇಕು. ಪ್ರಾಣಿಯ ಬೆನ್ನಿನ ಭಾಗದ ಚರ್ಮದಲ್ಲಿ ಎಳೆಗಳು ಒತ್ತಾಗಿ ಹೆಣೆದಿರುತ್ತವೆ, ಅದು ಪಟ್ಟಿಗೆ, ಕವಚಕ್ಕೆ ಚೆನ್ನ. ಹೊಟ್ಟೆಯ ಭಾಗ ಸಡಿಲ, ಎಳೆದಷ್ಟೂ ಹಿಗ್ಗುತ್ತದೆ. ಅದರಲ್ಲಿ ಬೆಲ್ಟು ಮಾಡಿದರೆ ಕೆಲವೇ ದಿನಕ್ಕೆ ಉದ್ದವಾಗಿ ಜೋತು ಬೀಳುತ್ತದೆ.

ಮೊದಲು ಕಾಗದ, ಆಮೇಲೆ ಚರ್ಮ

ಒಂದು ಹಾಳೆಯನ್ನು ಬಾಟಲಿಗೆ ಸುತ್ತಿ. ಸುಕ್ಕಿಲ್ಲದೆ ಕೂರುತ್ತದೆ. ಅದನ್ನೇ ಐಸ್‌ಕ್ರೀಮ್ ಕೋನ್ ಹಾಗೆ ಸುರುಳಿ ಸುತ್ತಿ, ಆಗಲೂ ಸುಕ್ಕಿಲ್ಲ. ಈಗ ಚೆಂಡಿಗೆ ಸುತ್ತಿ ನೋಡಿ. ಎಲ್ಲ ಕಡೆ ಮಡಿಕೆ ಬೀಳುತ್ತದೆ. ಚಪ್ಪಟೆ ಹಾಳೆ ಒಂದು ದಿಕ್ಕಿನಲ್ಲಿ ಬಾಗುವ ಆಕಾರಕ್ಕೆ ಒಗ್ಗುತ್ತದೆ, ಎರಡೂ ದಿಕ್ಕಿನಲ್ಲಿ ಬಾಗುವ ಆಕಾರಕ್ಕೆ ಹಿಗ್ಗದೆ ಒಗ್ಗುವುದಿಲ್ಲ. ಚರ್ಮಕ್ಕೂ ಇದೇ ನಿಯಮ.

ಇದು ತಿಳಿದರೆ ಯಾವ ತುಂಡಿಗೆ ಎಷ್ಟು ಕಷ್ಟವಿದೆ ಎಂದು ಮೊದಲೇ ಹೇಳಬಹುದು. ಮುಂಗೈ ಕವಚ ಬಾಟಲಿಯ ಹಾಗೆ, ಸುಮ್ನೆ ಸುತ್ತಿದರಾಯಿತು. ಸ್ಟೀಮ್‌ಪಂಕ್‌ನಲ್ಲಿ ಬಹಳ ಜನ ಇಷ್ಟಪಡುವ ಕೊಕ್ಕಿನ ಮುಖವಾಡ ನೋಡಲು ಭಯಂಕರ, ಮಾಡಲು ಸಲೀಸು. ಅದರ ಕೊಕ್ಕು ಒಂದು ಕೋನ್, ಎರಡು ಪಕ್ಕದ ತುಂಡುಗಳನ್ನು ಕತ್ತರಿಸಿ ನಡುಗೆರೆಯಲ್ಲಿ ಹೊಲಿದರೆ ಮುಗಿಯಿತು. ಆದರೆ ಮನುಷ್ಯನ ಮುಖದ ಆಕಾರ, ಉಬ್ಬಿದ ಭುಜಕವಚ ಚೆಂಡಿನ ಜಾತಿಯವು. ಅಲ್ಲಿ ಚರ್ಮ ಹಿಗ್ಗಲೇಬೇಕು.

ಆ ಕೊಕ್ಕಿನ ಮುಖವಾಡಕ್ಕೂ ಒಂದು ಕಥೆಯಿದೆ. 17ನೇ ಶತಮಾನದ ಯುರೋಪಿನಲ್ಲಿ ಪ್ಲೇಗ್ ರೋಗಿಗಳನ್ನು ನೋಡುವ ಕೆಲವು ವೈದ್ಯರು ಅಂಥದ್ದನ್ನು ತೊಡುತ್ತಿದ್ದರು. 1656ರ ಒಂದು ಹೆಸರಾಂತ ಕೆತ್ತನೆ ಚಿತ್ರದಲ್ಲಿ ರೋಮಿನ ಅಂಥ ವೈದ್ಯನೊಬ್ಬನನ್ನು ನೋಡಬಹುದು. ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆ ಎಂದು ಆಗ ನಂಬಿದ್ದರು, ಅದಕ್ಕೇ ಕೊಕ್ಕಿನೊಳಗೆ ಸುವಾಸನೆಯ ಗಿಡಮೂಲಿಕೆ ತುಂಬುತ್ತಿದ್ದರು. ಪ್ಲೇಗಿನ ರೋಗಾಣುವನ್ನು ವಿಜ್ಞಾನಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದು 1894ರಲ್ಲಿ. ಅಷ್ಟರಲ್ಲಿ ಉಗಿಯುಗವೇ ಮುಗಿಯುತ್ತಾ ಬಂದಿತ್ತು.

ಅಳತೆ ತೆಗೆಯಲು ಒಂದು ಒಳ್ಳೆಯ ಉಪಾಯವಿದೆ. ತೋಳಿಗೋ ಭುಜಕ್ಕೋ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಅಂಟುಪಟ್ಟಿ ಸುತ್ತಿ. ತುಂಬ ಬಿಗಿ ಬೇಡ. ಪೆನ್ನಿನಿಂದ ಬೇಕಾದ ಗೆರೆಗಳನ್ನು ಅಲ್ಲೇ ಎಳೆದು, ಹುಷಾರಾಗಿ ಕತ್ತರಿಸಿ ತೆಗೆಯಿರಿ. ಅದನ್ನು ಚಪ್ಪಟೆ ಹಾಸಿದಾಗ ಎಲ್ಲಿ ಮಡಿಕೆ ಬೀಳುತ್ತದೋ ಅಲ್ಲಿ ಸೀಳು ಬೇಕು ಅಥವಾ ಹಿಗ್ಗಿಸಬೇಕು ಎಂದರ್ಥ. ಅದರಿಂದ ರಟ್ಟಿನ ಮಾದರಿ ಮಾಡಿ, ತೊಟ್ಟು, ಕೈ ಆಡಿಸಿ ನೋಡಿ. ರಟ್ಟು ಎಲ್ಲಿ ಚುಚ್ಚುತ್ತದೋ ಚರ್ಮವೂ ಅಲ್ಲೇ ಚುಚ್ಚುತ್ತದೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ರಟ್ಟನ್ನು ಹತ್ತು ಸಲ ತಿದ್ದಬಹುದು, ಕತ್ತರಿಸಿದ ಚರ್ಮವನ್ನು ತಿದ್ದಲಾಗದು.

ಒದ್ದೆ ಚರ್ಮಕ್ಕೆ ಮುಖ ಬರುವ ಹೊತ್ತು

ಒದ್ದೆಯಾದ ಪುಸ್ತಕ ಒಣಗಿದ ಮೇಲೂ ಹಾಳೆಗಳು ಅಲೆಅಲೆಯಾಗಿಯೇ ಉಳಿಯುತ್ತವೆ. ನೀರು ಕಾಗದದ ನಾರುಗಳ ನಡುವೆ ಸೇರಿ ಅವುಗಳ ಹಿಡಿತ ಸಡಿಲಿಸಿತು, ನಾರುಗಳು ಸರಿದವು, ನೀರು ಹೋದಾಗ ಇದ್ದಲ್ಲೇ ಮತ್ತೆ ಕಚ್ಚಿಕೊಂಡವು. ವೆಜ್ ಟ್ಯಾನ್ ಚರ್ಮದಲ್ಲಿ ನಾವು ಬೇಕೆಂದೇ ಮಾಡುವುದು ಇದನ್ನೇ.

ಮುಖವಾಡಕ್ಕೆ ಕೆಳಗೊಂದು ಅಚ್ಚು ಬೇಕು. ಮರದ್ದು, ಪ್ಲಾಸ್ಟರಿನದು, ಗಟ್ಟಿ ಮಣ್ಣಿನದು ಯಾವುದಾದರೂ ಸರಿ. ಇಟಲಿಯಲ್ಲಿ 16ನೇ ಶತಮಾನದಲ್ಲಿ ಬೆಳೆದ ಕೊಮ್ಮೆದಿಯಾ ದೆಲ್ಲಾರ್ತೆ ಎಂಬ ನಗೆನಾಟಕದ ನಟರು ಚರ್ಮದ ಮುಖವಾಡ ತೊಡುತ್ತಿದ್ದರು. ಅವನ್ನು ಮರದ ಅಚ್ಚಿನ ಮೇಲೆ ಒದ್ದೆ ಚರ್ಮ ಹಾಸಿ, ಒತ್ತಿ, ಬಡಿದು ಮಾಡುತ್ತಿದ್ದರು. ಮರೆಯಾಗುತ್ತಿದ್ದ ಆ ವಿದ್ಯೆಗೆ 20ನೇ ಶತಮಾನದ ನಡುವಿನಲ್ಲಿ ಮತ್ತೆ ಜೀವ ಕೊಟ್ಟವರು ಪಡುವಾದ ಶಿಲ್ಪಿ ಅಮ್ಲೇತೊ ಸಾರ್ತೋರಿ. ಇವತ್ತು ಮುಖವಾಡ ಮಾಡುವವರು ಹಿಡಿಯುವ ದಾರಿಯೂ ಹೆಚ್ಚುಕಡಿಮೆ ಅದೇ.

ಕತ್ತರಿಸಿದ ಚರ್ಮವನ್ನು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ. ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಅದು ಎಳೆಗಳ ನಡುವೆ ಇದ್ದ ಗಾಳಿ. ಗುಳ್ಳೆ ನಿಂತಿತೆಂದರೆ ನೀರು ಒಳಗಿನವರೆಗೂ ಹೋಗಿದೆ. ಹೊರತೆಗೆದು ಬಟ್ಟೆಯಿಂದ ಮೇಲಿನ ನೀರು ಒರೆಸಿ ಸ್ವಲ್ಪ ಹೊತ್ತು ಬಿಡಿ. ಈಗ ಅಚ್ಚಿನ ಮೇಲೆ ಹಾಸಿ ಮೂಗಿನಿಂದ ಶುರು ಮಾಡಿ. ಹೆಬ್ಬೆರಳಿನಿಂದ ಮೂಗಿನ ಎರಡೂ ಪಕ್ಕ ಒತ್ತುತ್ತಾ ಕಣ್ಣಿನ ಗುಳಿಯ ಕಡೆ ಹೋಗಿ, ಅಲ್ಲಿಂದ ಕೆನ್ನೆಗೆ, ಕೊನೆಗೆ ಅಂಚಿಗೆ. ಅಂಚನ್ನು ಮೊದಲೇ ಮೊಳೆ ಹೊಡೆದು ಬಿಗಿದರೆ ನಡುವಿಗೆ ಬೇಕಾದ ಚರ್ಮ ಎಲ್ಲಿಂದಲೂ ಬರುವುದಿಲ್ಲ, ಮೂಗಿನ ಪಕ್ಕ ಡೇರೆಯ ಬಟ್ಟೆಯ ಹಾಗೆ ಎತ್ತಿ ನಿಲ್ಲುತ್ತದೆ.

ಮೊದಲ ಹತ್ತು ನಿಮಿಷ ಏನೂ ಆಗದಂತೆ ಕಾಣುತ್ತದೆ. ಒತ್ತಿದ ಗುಳಿ ನಿಧಾನವಾಗಿ ಮೇಲೆ ಬರುತ್ತದೆ. ಬೇಸರಪಡಬೇಡಿ. ನೀರು ಆರುತ್ತಾ ಬಂದ ಹಾಗೆ ಚರ್ಮದ ಬಣ್ಣ ತಿಳಿಯಾಗುತ್ತದೆ, ಮುಟ್ಟಿದರೆ ಇನ್ನೂ ತಣ್ಣಗಿರುತ್ತದೆ. ಆ ಹೊತ್ತಿಗೆ ಒತ್ತಿದ್ದು ಒತ್ತಿದಲ್ಲೇ ನಿಲ್ಲಲು ಶುರುವಾಗುತ್ತದೆ. ಹುಬ್ಬಿನ ಗೆರೆ, ತುಟಿಯ ಅಂಚು, ಯಂತ್ರದ ತಗಡಿನಂಥ ಚೂಪು ಅಂಚು ಎಲ್ಲ ಮೂಡಿಸಬೇಕಾದದ್ದು ಆಗಲೇ. ಮೊಂಡು ಮೂಳೆಯ ಕಡ್ಡಿಯೋ, ನಯವಾದ ಮರದ ಚಮಚದ ಹಿಡಿಯೋ ಸಾಕು. ಉಗುರು ತಾಗದಂತೆ ನೋಡಿಕೊಳ್ಳಿ, ಒದ್ದೆ ಚರ್ಮದ ಮೇಲೆ ಬಿದ್ದ ಉಗುರಿನ ಗೆರೆ ಕೊನೆಯವರೆಗೂ ಉಳಿಯುತ್ತದೆ. ಚಿತ್ತಾರ ಕೆತ್ತುವುದಕ್ಕೂ ಇದೇ ಹದ. ಚರ್ಮದ ದಪ್ಪದ ಮೂರನೇ ಒಂದು ಭಾಗದಷ್ಟು ಮಾತ್ರ ಚಾಕುವಿನಿಂದ ಗೀರಿ, ಗೆರೆಯ ಒಂದು ಪಕ್ಕವನ್ನು ಅಚ್ಚುಳಿಯಿಂದ ತಗ್ಗಿಸಿದರೆ ಇನ್ನೊಂದು ಪಕ್ಕ ಉಬ್ಬಿದಂತೆ ಕಾಣುತ್ತದೆ.

ನನ್ನ ಮೊದಲ ಮುಖವಾಡದಲ್ಲಿ ಕಣ್ಣಿನ ತೂತುಗಳನ್ನು ಚಪ್ಪಟೆ ಇದ್ದಾಗಲೇ ಅಳತೆಗೆ ಸರಿಯಾಗಿ ಕತ್ತರಿಸಿಬಿಟ್ಟಿದ್ದೆ. ಅಚ್ಚಿನ ಮೇಲೆ ಎಳೆದಾಗ ಎಡಗಣ್ಣು ಮೊಟ್ಟೆಯಾಯಿತು, ಬಲಗಣ್ಣು ಅದಕ್ಕಿಂತ ಒಂದು ಬೆರಳು ಕೆಳಗಿಳಿಯಿತು. ದುಂಡು ಗಾಜು ಎರಡರಲ್ಲೂ ಕೂರಲಿಲ್ಲ. ತೂತು ಇರುವ ಕಡೆ ಎಳೆಗಳಿಗೆ ಆಚೆಯಿಂದ ಹಿಡಿತವಿಲ್ಲ, ಅಲ್ಲೇ ಜಾಸ್ತಿ ಹಿಗ್ಗುತ್ತದೆ. ಈಗ ಪೂರ್ತಿ ಒಣಗಿದ ಮೇಲೇ ಕಣ್ಣು ಕೊರೆಯುತ್ತೇನೆ.

ಒಣಗಲು ಕಡಿಮೆ ಎಂದರೂ ಒಂದು ದಿನ ಬಿಡಿ. ನೆರಳಿನಲ್ಲಿ, ಗಾಳಿ ಆಡುವ ಕಡೆ. ಬಿಸಿಲಿಗೋ ಹೀಟರಿನ ಪಕ್ಕವೋ ಇಟ್ಟರೆ ಮೇಲ್ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗು ಇನ್ನೂ ಒದ್ದೆ ಇರುತ್ತದೆ, ಮುಖ ಸೊಟ್ಟಗಾಗುತ್ತದೆ.

ಇನ್ನೂ ಗಟ್ಟಿ ಬೇಕೆಂದರೆ

ಮುಖವಾಡಕ್ಕೆ ಮೇಲಿನಷ್ಟು ಗಟ್ಟಿತನ ಸಾಕು. ಕವಚಕ್ಕೆ ಕೆಲವರು ಇನ್ನೊಂದು ಹೆಜ್ಜೆ ಹೋಗುತ್ತಾರೆ. ಮಧ್ಯಯುಗದ ಯುರೋಪಿನಲ್ಲಿ ಗಟ್ಟಿ ಮಾಡಿದ ಚರ್ಮದಿಂದ ಕವಚ, ಪೆಟ್ಟಿಗೆ, ಕತ್ತಿಯ ಒರೆಗಳನ್ನು ಮಾಡುತ್ತಿದ್ದರು. ಫ್ರೆಂಚರು ಅದಕ್ಕೆ ‘ಕುದಿಸಿದ ಚರ್ಮ’ ಎಂಬ ಅರ್ಥದ ಹೆಸರಿಟ್ಟಿದ್ದರು. ಹೆಸರು ನೋಡಿ ಚರ್ಮವನ್ನು ಕುದಿಸಲು ಹೋಗಬೇಡಿ.

ಕೊಲಾಜೆನ್ನಿನ ಅಣು ಮೂರು ಎಳೆ ಹೊಸೆದ ಹಗ್ಗದ ಹಾಗೆ ಇರುತ್ತದೆ. ಒದ್ದೆ ವೆಜ್ ಟ್ಯಾನ್ ಚರ್ಮ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬಂದಾಗ ಆ ಹೊಸೆತ ಬಿಚ್ಚಿಕೊಂಡು ಎಳೆಗಳು ಮುದುಡುತ್ತವೆ. ಚರ್ಮ ಕಣ್ಣೆದುರೇ ಕುಗ್ಗುತ್ತದೆ, ದಪ್ಪವಾಗುತ್ತದೆ, ತಣಿದು ಒಣಗಿದ ಮೇಲೆ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಬಿಸಿನೀರಿನಲ್ಲಿ ಅದ್ದಿದ ಮೇಲೆ ಎಣಿಸಬೇಕಾದದ್ದು ಸೆಕೆಂಡುಗಳನ್ನು. ಹೊತ್ತು ಜಾಸ್ತಿಯಾದರೆ ಹೊಸೆತ ಪೂರ್ತಿ ಹಾಳಾಗಿ, ಬಾಗಿಸಿದರೆ ಲಟಕ್ಕನೆ ಮುರಿಯುವ ತುಂಡು ಕೈಗೆ ಬರುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದು ಒಂದೊಂದು ಚರ್ಮಕ್ಕೂ ಬೇರೆ. ಅದಕ್ಕೇ ಮೊದಲು ಅದೇ ಚರ್ಮದ ಚೂರೊಂದನ್ನು ಅಳೆದು, ಅದ್ದಿ, ಮತ್ತೆ ಅಳೆಯಬೇಕು.

ಜೇನುಮೇಣ ಕುಡಿಸುವುದು ಇನ್ನೊಂದು ದಾರಿ. ಅದು 62ರಿಂದ 64 ಡಿಗ್ರಿಗೆ ಕರಗುತ್ತದೆ. ಬೆಚ್ಚಗಿನ ಒಣ ಚರ್ಮಕ್ಕೆ ಹಚ್ಚಿದರೆ ಒಳಗೆ ಇಳಿದು ಎಳೆಗಳ ನಡುವಿನ ಜಾಗ ತುಂಬುತ್ತದೆ. ನೀರು ಬೇಗ ಹಿಡಿಯುವುದಿಲ್ಲ, ಬಣ್ಣ ಗಾಢವಾಗುತ್ತದೆ. ಮೇಣದ ಪಾತ್ರೆಯನ್ನು ನೇರ ಉರಿಯ ಮೇಲೆ ಇಡಬೇಡಿ, ಬೆಂಕಿ ಹತ್ತುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಬಣ್ಣ ಹಾಕುವುದಿದ್ದರೆ ಮೇಣಕ್ಕಿಂತ ಮೊದಲೇ ಹಾಕಬೇಕು, ಮೇಣ ಕುಡಿದ ಚರ್ಮ ಬಣ್ಣ ಹಿಡಿಯುವುದಿಲ್ಲ.

ಗಟ್ಟಿ ಕವಚದಲ್ಲಿ ಕೈ ಆಡುವುದು ಹೇಗೆ?

ಭುಜ, ಮೊಣಕೈ ಮಡಚುವ ಜಾಗಗಳು. ಅಲ್ಲಿ ಒಂದೇ ಗಟ್ಟಿ ತುಂಡು ಹಾಕಿದರೆ ಕೈ ಎತ್ತಲಾಗುವುದಿಲ್ಲ. ಅದಕ್ಕೆ ಮೀನಿನ ಹುರುಪೆಯ ಹಾಗೆ, ಹೆಂಚಿನ ಸಾಲಿನ ಹಾಗೆ, ಹಲವು ಪಟ್ಟಿಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸುತ್ತಾರೆ. ಲೋಹದ ಕವಚ ಮಾಡುತ್ತಿದ್ದವರ ಹಳೆಯ ಜಾಣತನ ಇದು.

ಪಟ್ಟಿಗಳನ್ನು ಹಿಡಿದಿಡಲು ಎರಡು ಬಗೆ. ಒಳಗಡೆ ಎರಡು ಮೂರು ಮೆದು ಚರ್ಮದ ಪಟ್ಟಿಗಳನ್ನು ಮೇಲಿನಿಂದ ಕೆಳಕ್ಕೆ ಬಿಟ್ಟು, ಪ್ರತಿ ಗಟ್ಟಿ ಪಟ್ಟಿಯನ್ನೂ ಅದಕ್ಕೆ ರಿವೆಟ್ ಮಾಡುವುದು ಒಂದು. ಆಗ ಎಲ್ಲ ಪಟ್ಟಿಗಳೂ ಕಿಟಕಿಯ ಬ್ಲೈಂಡ್‌ನಂತೆ ಒಂದರೊಳಗೊಂದು ಸರಿಯುತ್ತವೆ. ಎರಡು ಪಕ್ಕದಲ್ಲೂ ಒಂದೊಂದು ರಿವೆಟ್ ಮಾತ್ರ ಹಾಕಿ, ಅದರ ಸುತ್ತ ಪಟ್ಟಿ ತಿರುಗುವಂತೆ ಬಿಡುವುದು ಇನ್ನೊಂದು. ಎರಡನೆಯದರಲ್ಲಿ ರಿವೆಟ್ ಬಿಗಿಯಾದರೆ ಕೀಲೇ ಹೋಯಿತು. ನಡುವೆ ಒಂದು ರಟ್ಟಿನ ಚೂರು ಇಟ್ಟು ರಿವೆಟ್ ಬಡಿದು, ಆಮೇಲೆ ಚೂರನ್ನು ಎಳೆದು ತೆಗೆದರೆ ಬೇಕಾದಷ್ಟು ಸಡಿಲ ಉಳಿಯುತ್ತದೆ.

ಹೊಲಿಗೆ ಮತ್ತು ರಿವೆಟ್

ಕೈಹೊಲಿಗೆಯಲ್ಲಿ ಚರ್ಮದವರು ನಂಬುವುದು ಸ್ಯಾಡಲ್ ಹೊಲಿಗೆಯನ್ನು. ಒಂದೇ ದಾರ, ಎರಡು ತುದಿಗೂ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿಗಳು ಎದುರುಬದುರಾಗಿ ದಾಟುತ್ತವೆ. ಹೊಲಿಗೆ ಯಂತ್ರದಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಕಡೆ ಕಿತ್ತರೆ ಪಕ್ಕದ ಹೊಲಿಗೆಗಳೂ ಸಡಿಲವಾಗುತ್ತವೆ. ಸ್ಯಾಡಲ್ ಹೊಲಿಗೆಯಲ್ಲಿ ಒಂದು ಸುತ್ತು ಹರಿದರೂ ಅದೇ ತೂತುಗಳಲ್ಲಿ ಹಾದ ಇನ್ನೊಂದು ಸುತ್ತು ಹಿಡಿದಿರುತ್ತದೆ. ತೂತುಗಳನ್ನು ಮೊದಲೇ 3ರಿಂದ 4 ಮಿಲಿಮೀಟರ್ ಅಂತರದಲ್ಲಿ ಚುಚ್ಚಿಕೊಳ್ಳಿ. ದಾರ ಹೊಲಿಗೆಯ ಉದ್ದದ ಸುಮಾರು ನಾಲ್ಕರಷ್ಟು ಇರಲಿ. ಮೇಣ ಹಚ್ಚಿದ ದಾರವಾದರೆ ತೂತಿನಲ್ಲಿ ಕಚ್ಚಿ ಕೂರುತ್ತದೆ.

ರಿವೆಟ್ ಈ ಶೈಲಿಯ ಗುರುತು. ಬಾಯ್ಲರ್‌ಗಳನ್ನು, ಸೇತುವೆಗಳನ್ನು ಆಗ ರಿವೆಟ್ಟಿನಿಂದಲೇ ಕೂಡಿಸುತ್ತಿದ್ದರು. ಚರ್ಮದಲ್ಲಿ ರಿವೆಟ್ಟಿನ ಕಾಲು ಪದರಗಳ ದಪ್ಪಕ್ಕಿಂತ ಸುಮಾರು 3 ಮಿಲಿಮೀಟರ್ ಮಾತ್ರ ಮೇಲೆ ಕಾಣಬೇಕು. ಉದ್ದವಾದರೆ ಸುತ್ತಿಗೆ ಏಟಿಗೆ ಒಳಗೇ ಸೊಟ್ಟಗಾಗುತ್ತದೆ. ಗಿಡ್ಡವಾದರೆ ಅದರ ಮೇಲೆ ಕೂರಿಸುವ ಟೋಪಿ ಕಚ್ಚುವುದಿಲ್ಲ, ತೊಟ್ಟ ದಿನವೇ ಉದುರುತ್ತದೆ.

ಬಣ್ಣ: ಕಬ್ಬಿಣ ಮುಟ್ಟಿದರೆ ಕಪ್ಪು

ಒಮ್ಮೆ ಒದ್ದೆ ಭುಜಕವಚದ ಅಂಚನ್ನು ಕಬ್ಬಿಣದ ಕ್ಲಿಪ್ಪಿನಿಂದ ಹಿಡಿದಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಕ್ಲಿಪ್ ಇದ್ದಲ್ಲೆಲ್ಲ ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆ. ಎಷ್ಟು ತೊಳೆದರೂ ಹೋಗಲಿಲ್ಲ. ಅದು ಕೊಳೆಯಲ್ಲ, ನಿಜವಾಗಿಯೂ ಶಾಯಿ. ಯುರೋಪಿನಲ್ಲಿ ನೂರಾರು ವರ್ಷ ಬರೆಯಲು ಬಳಸಿದ ಕಪ್ಪು ಶಾಯಿ ಆಗುತ್ತಿದ್ದದ್ದು ಕಬ್ಬಿಣದ ಲವಣ ಮತ್ತು ಟ್ಯಾನಿನ್ ಸೇರಿ. ನನ್ನ ಒದ್ದೆ ಚರ್ಮದಲ್ಲಿ ಟ್ಯಾನಿನ್ ಇತ್ತು, ಕ್ಲಿಪ್ಪಿನಲ್ಲಿ ಕಬ್ಬಿಣ ಇತ್ತು.

ಇದನ್ನೇ ಬೇಕೆಂದು ಮಾಡಿದರೆ ಸೊಗಸಾದ ಕಪ್ಪು ಬಣ್ಣ ಸಿಗುತ್ತದೆ. ಎಣ್ಣೆ ಜಿಡ್ಡು ತೊಳೆದ ಉಕ್ಕಿನ ನಾರನ್ನು (ಸ್ಟೀಲ್ ವುಲ್) ಬಿಳಿ ವಿನೆಗರ್‌ನಲ್ಲಿ ಕೆಲವು ದಿನ ಬಿಡಿ. ಮುಚ್ಚಳ ಬಿಗಿ ಮಾಡಬೇಡಿ. ಒಳಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ, ಅದು ಹೊರಹೋಗಬೇಕು, ಹತ್ತಿರ ಬೆಂಕಿಯೂ ಇರಬಾರದು. ಆ ವಿನೆಗರನ್ನು ಸೋಸಿ ಚರ್ಮಕ್ಕೆ ಹಚ್ಚಿದರೆ ನೋಡುತ್ತಿದ್ದಂತೆ ಬೂದು, ಆಮೇಲೆ ಕಪ್ಪು. ಬಣ್ಣ ಎಳೆಯೊಳಗೇ ಹುಟ್ಟಿದ್ದರಿಂದ ಬಟ್ಟೆಗೆ ಮೆತ್ತುವುದು ಕಡಿಮೆ. ಕೊನೆಗೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು ಆಮ್ಲ ತೆಗೆದು, ಒಣಗುವಾಗ ಸ್ವಲ್ಪ ಎಣ್ಣೆ ಕುಡಿಸಬೇಕು. ಕಂದು, ಕೆಂಪು ಬಣ್ಣಗಳಿಗೆ ಚರ್ಮದ ಡೈ ಸಿಗುತ್ತದೆ. ಒಂದೇ ಸಲ ದಪ್ಪಗೆ ಬಳಿಯುವುದಕ್ಕಿಂತ ತೆಳುವಾಗಿ ಮೂರು ನಾಲ್ಕು ಸಲ ಒರೆಸಿದರೆ ಪಟ್ಟೆ ಬೀಳುವುದಿಲ್ಲ.

ಚರ್ಮ ಹಿತ್ತಾಳೆಯಾಗುವುದು ಹೇಗೆ? ಹಳೆಯ ಬಾಗಿಲಿನ ಹಿಡಿಕೆಯನ್ನು ಹತ್ತಿರದಿಂದ ನೋಡಿ. ಕೈ ತಾಗುವ ಉಬ್ಬು ಜಾಗ ಫಳಫಳ, ಮೂಲೆ ಸಂದಿ ಕಪ್ಪು. ಚರ್ಮದ ಮೇಲೂ ಅದೇ ಕ್ರಮ. ಮೊದಲು ಪೂರ್ತಿ ಕಪ್ಪು ಅಥವಾ ಗಾಢ ಕಂದು. ಅದರ ಮೇಲೆ ಹಿತ್ತಾಳೆ ಬಣ್ಣದ ಅಕ್ರಿಲಿಕ್ ಅನ್ನು ಸ್ಪಂಜಿನಿಂದ ತೆಳುವಾಗಿ, ಸಂದಿಗಳನ್ನು ಬಿಟ್ಟು. ಕೊನೆಗೆ ಅಂಚು, ಉಬ್ಬುಗಳಿಗೆ ಮಾತ್ರ ಹೊಳೆಯುವ ಚಿನ್ನದ ಛಾಯೆ, ಬಹುತೇಕ ಒಣಗಿದ ಕುಂಚದಿಂದ. ಹಿತ್ತಾಳೆಯಲ್ಲಿ ತಾಮ್ರ ಇರುವುದರಿಂದ ಗಾಳಿ ತೇವಕ್ಕೆ ಕಿಲುಬು ಹಿಡಿಯುತ್ತದೆ, ಅದಕ್ಕೆ ರಿವೆಟ್ಟಿನ ಬುಡದಲ್ಲಿ ನೀರಾದ ನೀಲಿಹಸಿರು ಬಣ್ಣ ಒಂದು ಹನಿ ಬಿಟ್ಟರೆ ಕಣ್ಣು ನಂಬಿಬಿಡುತ್ತದೆ. ಬಣ್ಣ ದಪ್ಪವಾದರೆ ಚರ್ಮ ಬಾಗಿದಾಗ ಬಿರುಕು ಬಿಡುತ್ತದೆ.

ಹಲ್ಲುಚಕ್ರ, ಕೊಳವೆ, ಮಾಪಕಗಳ ವಿಷಯದಲ್ಲಿ ಒಂದೇ ಮಾತು. ಪ್ರತಿಯೊಂದಕ್ಕೂ ಒಂದು ಕೆಲಸ ಇದೆ ಎಂದು ಊಹಿಸಿಕೊಂಡು ಇಡಿ. ಕೊಳವೆ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ? ಈ ಚಕ್ರ ಯಾವುದನ್ನು ತಿರುಗಿಸುತ್ತದೆ? ಸುಮ್ನೆ ಅಂಟಿಸಿದ ಚಕ್ರ ಬೇಗ ಗೊತ್ತಾಗಿಬಿಡುತ್ತದೆ.

ಎಚ್ಚರ ಇರಬೇಕಾದ ಕಡೆ

ಚರ್ಮವನ್ನು ಉಜ್ಜುವಾಗ ಏಳುವ ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಚರ್ಮದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಧೂಳು ತಡೆಯುವ ಮಾಸ್ಕ್ ಹಾಕಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಅಂಟು, ಡೈ ಬಳಸುವಾಗ ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಕ್ರೋಮ್ ಚರ್ಮದ ಚೂರುಗಳನ್ನು ಸುಡಬೇಡಿ. ಶಾಖಕ್ಕೆ ಅದರ ಕ್ರೋಮಿಯಂ ವಿಷಕಾರಿ ರೂಪಕ್ಕೆ ತಿರುಗಬಹುದು.

ಮುಖವಾಡದಲ್ಲಿ ಉಸಿರಿನ ದಾರಿ ಮೊದಲು, ಅಂದ ಆಮೇಲೆ. ಕೊಕ್ಕಿನ ಕೆಳಭಾಗದಲ್ಲಿ ಕಾಣದಂತೆ ಸಾಲು ತೂತು ಹಾಕಬಹುದು. ಕನ್ನಡಿಯ ಮುಂದೆ ತೊಟ್ಟು ಮೆಟ್ಟಿಲು ಕಾಣುತ್ತದೆಯೇ, ಪಕ್ಕದವರು ಕಾಣುತ್ತಾರೆಯೇ ನೋಡಿ. ಕಣ್ಣಿಗೆ ನಿಜವಾದ ಗಾಜಿಗಿಂತ ಒಡೆಯದ ಪಾಲಿಕಾರ್ಬನೇಟ್ ಹಾಳೆ ಒಳ್ಳೆಯದು. ಹಿತ್ತಾಳೆ ಚೌಕಟ್ಟಿನ ಹಿಂದೆ ಅದು ಗೊತ್ತೇ ಆಗುವುದಿಲ್ಲ, ಪ್ಲಾಸ್ಟಿಕ್ಕಿಗೆ ನಾನು ಕೊಡುವ ವಿನಾಯಿತಿ ಇದೊಂದೇ. ಇನ್ನು ಈ ಕವಚ ವೇಷಕ್ಕೆ ಮಾತ್ರ. ಬೈಕ್ ಓಡಿಸಲು, ಯಂತ್ರದ ಮುಂದೆ ಕೆಲಸ ಮಾಡಲು ಇದು ರಕ್ಷಣೆ ಕೊಡುವುದಿಲ್ಲ.

ಯಾವುದರಿಂದ ಶುರು ಮಾಡುವುದು, ಹೇಗೆ ಕಾಪಾಡುವುದು

ಮೊದಲ ಸಲಕ್ಕೆ ಮುಂಗೈ ಕವಚ ಮಾಡಿ. ಒಂದು ತುಂಡು ಚರ್ಮ, ಎರಡು ಪಟ್ಟಿ, ಎರಡು ಬಕಲ್, ಕೆಲವು ರಿವೆಟ್. ಚರ್ಮವನ್ನು ನೆನೆಸಿ ಒಂದು ಬಾಟಲಿಗೆ ಬಟ್ಟೆಯಿಂದ ಸುತ್ತಿ ಕಟ್ಟಿ ಒಣಗಿಸಿದರೆ ಆಕಾರ ತಾನೇ ಬರುತ್ತದೆ. ಬಣ್ಣ ಹಾಕಿ ಒಣಗಿದ ಮೇಲೆ ಅಂಚಿನ ಚೂಪನ್ನು ಕೆತ್ತಿ ತೆಗೆದು, ಸ್ವಲ್ಪ ಒದ್ದೆ ಮಾಡಿ, ನಯವಾದ ಮರದಿಂದ ಜೋರಾಗಿ ಉಜ್ಜಿ. ಬಿಚ್ಚಿಕೊಂಡಿದ್ದ ಎಳೆಗಳು ಒತ್ತಾಗಿ ಮಲಗಿ ಅಂಚು ಗಾಜಿನಂತೆ ಮಿಂಚುತ್ತದೆ. ಮಾಡುವಾಗ ಅದೆಷ್ಟು ಸಂತೋಷ ಕೊಡುತ್ತದೆ ಎಂಬುದನ್ನು ಮಾಡಿಯೇ ನೋಡಬೇಕು. ಎರಡನೆಯದಾಗಿ ಕೊಕ್ಕಿನ ಮುಖವಾಡ, ಮೂರನೆಯದಾಗಿ ಅಚ್ಚಿನ ಮೇಲೆ ಮುಖ. ಈ ಕ್ರಮದಲ್ಲಿ ಕೈ ಬೇಗ ಪಳಗುತ್ತದೆ.

ಮಾಡಿದ್ದನ್ನು ಚೀಲದಲ್ಲಿ ತುರುಕಿ ಇಡಬೇಡಿ. ಮುಖವಾಡದ ಒಳಗೆ ಕಾಗದ ತುಂಬಿ, ಗಾಳಿ ಆಡುವ ಕಡೆ, ಬಿಸಿಲು ಬೀಳದ ಹಾಗೆ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ನಿಂತು ಬೂಸ್ಟು ಹಿಡಿಯುತ್ತದೆ. ಬೆವರಿನಲ್ಲಿ ನೆನೆದಿದ್ದರೆ ಒಳಗಡೆ ಒರೆಸಿ ಪೂರ್ತಿ ಒಣಗಿದ ಮೇಲೇ ಎತ್ತಿಡಿ. ಮಳೆಯಲ್ಲಿ ಚೆನ್ನಾಗಿ ನೆನೆದರೆ ಎಳೆಗಳು ಮತ್ತೆ ಸಡಿಲವಾಗುತ್ತವೆ, ಮೂಗು ಮೆಲ್ಲಗೆ ಕುಸಿಯಬಹುದು. ಗಾಬರಿ ಬೇಡ. ಅದೇ ಅಚ್ಚಿನ ಮೇಲೆ ಹಾಕಿ, ಹೆಬ್ಬೆರಳಿನಿಂದ ಮತ್ತೆ ಮೂಗಿನ ಪಕ್ಕಗಳನ್ನು ಒತ್ತಿ, ನೆರಳಿನಲ್ಲಿ ಒಂದು ದಿನ ಬಿಡಿ. ಅದಕ್ಕೇ ಕೆಲಸ ಮುಗಿಯಿತೆಂದು ಅಚ್ಚನ್ನು ಒಡೆದು ಹಾಕಬೇಡಿ.